ಮಾತೆಲ್ಲ ಕಾಲಲ್ಲಿತ್ತು

ಆರ್ಕೆಸ್ಟ್ರಾದಲ್ಲಿ ಡ್ಯಾನ್ಸರ್‌ಗಳ ಕೈಗೆ ಮೈಕ್ ಕೊಡುತ್ತಿರಲಿಲ್ಲ. ಎಲ್ಲೂ ಬರೆದಿಟ್ಟ ಕಾನೂನಲ್ಲ ಅದು, ಆದರೆ ಯಾರೂ ಮುರಿದದ್ದನ್ನು ನಾನು ಕಾಣೆ. ಗಾಯಕರು ಬಂದರೆ ನಿರೂಪಕ "ನಿಮ್ಮೆಲ್ಲರ ಅಚ್ಚುಮೆಚ್ಚಿನ" ಅಂತ ಶುರುಮಾಡಿ, ಹೆಸರು ಹೇಳಿ, ಊರು ಹೇಳಿ, ಹೊಗಳಿ ಅಟ್ಟಕ್ಕೇರಿಸುತ್ತಿದ್ದ. ನಾವು ಬಂದರೆ "ಈಗ ನಮ್ಮ ಡ್ಯಾನ್ಸರ್ಸ್" ಅಷ್ಟೇ. ಗಾಯಕಿ ನೀರು ಕುಡಿಯಬೇಕು, ಕೀಬೋರ್ಡಿನ ವೈರು ಲೂಸಾಗಿದೆ, ಮುಖ್ಯ ಅತಿಥಿ ಇನ್ನೂ ಬಂದಿಲ್ಲ, ಎಲ್ಲಕ್ಕೂ ನಾವೇ ಔಷಧಿ. ಕ್ಯಾಸೆಟ್ ಹಾಕಿ ನಮ್ಮನ್ನು ಸ್ಟೇಜಿಗೆ ತಳ್ಳಿಬಿಡುತ್ತಿದ್ದರು.

ಹದಿನೇಳಕ್ಕೆ ಸೇರಿದವಳು ನಾನು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಅವ್ವ ನಂಜನಗೂಡಿನಲ್ಲಿ ಅಂಗನವಾಡಿ ಸಹಾಯಕಿ. ಅಪ್ಪ ಇರಲಿಲ್ಲ. ನನಗೆ ಕುಣಿಯುವುದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ, ಬರುತ್ತದೆ ಅಂತ ಯಾರೂ ನಂಬಿಯೂ ಇರಲಿಲ್ಲ. ತಗಡೂರು, ಹೆಡತಲೆ, ಕವಲಂದೆ, ಆ ಕಡೆ ನರಸೀಪುರದ ಸುತ್ತಲ ಹಳ್ಳಿಗಳು, ಗಣಪತಿ ಹಬ್ಬದ ಸೀಸನ್ನು ಬಂತೆಂದರೆ ಒಂದೂ ಬಿಡದೆ ಕುಣಿದೆ. ಮುಖ ಎಲ್ಲರಿಗೂ ಗೊತ್ತಾಯಿತು. ಧ್ವನಿ ಯಾರಿಗೂ ಗೊತ್ತಾಗಲಿಲ್ಲ.

ಒಂದು ಸಲ ಕವಲಂದೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನನ್ನೇ ದಿಟ್ಟಿಸಿ, "ನೀನು ಗಣಪತಿ ಆರ್ಕೇಷ್ಟ್ರದಲ್ಲಿ ಕುಣ್ದೋಳಲ್ವಾ?" ಅಂದಳು. ನನ್ನ ಎರಡೂ ಕೈಯಲ್ಲಿ ಡ್ರೆಸ್ಸಿನ ಚೀಲ, ಟಿಕೆಟ್ಟು ಹಲ್ಲಿನ ನಡುವೆ. ಹೂಂ ಅಂತ ತಲೆಯಾಡಿಸಿದೆ. ಆಕೆ ಆಚೆ ಪಕ್ಕದವಳಿಗೆ ಮೆಲ್ಲಗೆ ಹೇಳಿದಳು: "ಪಾಪ, ಮಾತು ಬರಾಕಿಲ್ಲ ಕಣಕ್ಕ. ಅದ್ಕೇ ಕುಣಿಯಕ್ಕೆ ಆಕವ್ರೆ."

ಟಿಕೆಟ್ಟು ಉಗಿದು, "ಬತ್ತದೆ ಕಣಮ್ಮ, ಬೇಕಾದಷ್ಟು ಬತ್ತದೆ" ಅಂದೆ. ಆಕೆ ಬೆಚ್ಚಿಬಿದ್ದು ಕಿಟಕಿಯ ಕಡೆ ತಿರುಗಿಕೊಂಡಳು. ಬಸ್ಸಿನಲ್ಲಿ ನನಗೂ ನಗು ಬಂದಿತ್ತು. ಇಳಿದು ಮನೆಗೆ ನಡೆಯುವಾಗ ಮಾತ್ರ ಸಿಟ್ಟು ನೆತ್ತಿಗೇರಿತು. ಆಕೆಯ ಮೇಲಲ್ಲ. ಇಷ್ಟು ವರ್ಷ ಸುಮ್ಮನಿದ್ದ ನನ್ನ ಮೇಲೆ.

ಈಗ ತಂಡದಲ್ಲಿ ನನ್ನ ಜೋಡಿಯಾಗಿ ಕುಣಿಯುತ್ತಿದ್ದ ಜೊತೆಗಾರನ ಬಗ್ಗೆ ಹೇಳಬೇಕು. ನಾವಿಬ್ಬರೂ ಮದುವೆಯಾಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೊನೆಯವರೆಗೂ ಅದನ್ನೇ ಹುಡುಕುತ್ತ ಓದುತ್ತೀರಿ. ಅವನು ನರಸೀಪುರದವನು, ನನಗಿಂತ ಒಂದು ವರ್ಷ ದೊಡ್ಡವನು, ಹಗಲು ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದವನು. ಬ್ರೇಕ್ ಡ್ಯಾನ್ಸ್ ಅಂದರೆ ಪ್ರಾಣ. ಅವನಪ್ಪ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದರು. ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟ್ ಅಂಗಳ. ಭತ್ತ ಹರವದ ದಿನ ಅದೇ ನಮ್ಮ ಪ್ರಾಕ್ಟೀಸ್ ಹಾಲು.

ಡ್ಯಾನ್ಸಿನಲ್ಲಿ ಎಲ್ಲವೂ ಎಂಟರ ಲೆಕ್ಕ. ಎಂಟು ಎಣಿಸಿ ಒಂದು ಸುತ್ತು, ಮತ್ತೆ ಎಂಟು. ಎಲ್ಲರೂ "ಒನ್, ಟೂ" ಅಂತ ಎಣಿಸಿದರೆ ಇವನು "ಲಾಭ, ಎರಡು, ಮೂರು, ನಾಕು" ಅನ್ನುತ್ತಿದ್ದ. ಗಿರಣಿಯಲ್ಲಿ ಮೂಟೆ ಎಣಿಸುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಹುಟ್ಟಿದಾಗಿನಿಂದ ಕೇಳಿದ್ದು, ಬೇರೆಯದಕ್ಕೆ ನಾಲಿಗೆ ತಿರುಗುತ್ತಿರಲಿಲ್ಲ. ತಂಡದವರು ಅವನನ್ನು "ಏನಪ್ಪಾ ಲಾಭ" ಅಂತಲೇ ಕರೆದು ರೇಗಿಸುತ್ತಿದ್ದರು.

ಒಮ್ಮೆ ಅವನು ಮೈಸೂರಿನ ಫುಟ್‌ಪಾತಿನಿಂದ ಕವರೇ ಇಲ್ಲದ ಒಂದು ಇಂಗ್ಲಿಷ್ ಕ್ಯಾಸೆಟ್ ತಂದ. ಯಾರು ಹಾಡಿದ್ದೋ, ಯಾವ ದೇಶದ್ದೋ ಗೊತ್ತಿಲ್ಲ. ಅದರ ತಾಳಕ್ಕೆ ಮೂರು ವರ್ಷ ಕುಣಿದೆವು, ಕಾಲೇಜು ಡೇಗಳಲ್ಲಿ ಶಿಳ್ಳೆಯೋ ಶಿಳ್ಳೆ. ಒಂದು ಪದ ಅರ್ಥವಾಗಿದ್ದರೆ ಕೇಳಿ. ಒಂದು ದಿನ ಅಂಗಳದಲ್ಲಿ ಸುಸ್ತಾಗಿ ಕೂತಿದ್ದಾಗ ಕ್ಯಾಸೆಟ್ ಇನ್ನೂ ಓಡುತ್ತಲೇ ಇತ್ತು. ಅವನು ತಲೆಯೆತ್ತಿ ಕೇಳಿಸಿಕೊಂಡ.

"ಲೇ, ಇದ್ರಲ್ಲಿ ರಾಗ ಎಲ್ಲದೆ?"

"ಎಲ್ಲದೆ?"

"ಇಲ್ಲ ಕಣೆ. ಬರೀ ಮಾತು. ತಾಳದ ಮ್ಯಾಲೆ ಜೋರಾಗಿ ಮಾತಾಡ್ತಾವ್ನೆ ಅಷ್ಟೆ. ನಮ್ಗೆ ರಾಗ ಬರಾಕಿಲ್ಲ ಸರಿ. ಮಾತು ಬರಾಕಿಲ್ವಾ?"

ಅದಕ್ಕೆ ಹಿಪ್‌ಹಾಪ್ ಅಂತ ಹೆಸರು ಅನ್ನುವುದು ಆಮೇಲೆ ಟಿವಿ ನೋಡಿ ಗೊತ್ತಾಯಿತು. ನಮ್ಮಿಬ್ಬರ ನಡುವೆ ಅದು ಬಹಳ ದಿನ "ಮಾತಿನ ಹಾಡು" ಅಂತಲೇ ಇತ್ತು. ಅವತ್ತೇ ಶುರು ಮಾಡಿದೆವು ಅಂದರೆ ಸುಳ್ಳಾಗುತ್ತದೆ. ಆಸೆ ಬಂತು, ಅಷ್ಟೇ. ಆಸೆಯನ್ನು ಇಟ್ಟುಕೊಂಡು ಮತ್ತೆರಡು ಸೀಸನ್ನು ಬಾಯಿ ಮುಚ್ಚಿಕೊಂಡು ಕುಣಿದೆವು.

ಶುರು ಮಾಡಿಸಿದವರು ನಮ್ಮ ತಂಡದ ಮಾಲೀಕರೇ. ನಂಜನಗೂಡಿನಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡು, ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಮನುಷ್ಯ. ಕೆಟ್ಟವರಲ್ಲ. ಸ್ಟೇಜಿನ ಮೇಲೆ ಹೇಗೆ ನಿಲ್ಲಬೇಕು ಅನ್ನುವುದನ್ನು ಕಲಿಸಿದ್ದು ಅವರೇ. "ಏನೇ ಆಗ್ಲಿ, ಜನಕ್ಕೆ ಬೆನ್ನು ತೋರಿಸ್ಬೇಡಿ. ಬೆನ್ನು ತೋರಿಸಿದ ದಿನ ನನ್ನ ಗಾಡಿ ಹತ್ತೋದು ಬೇಡ" ಅನ್ನುವುದು ಅವರ ಮೊದಲ ಪಾಠ. ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಗಣಪತಿ ಸೀಸನ್ನು ಮುಗಿದ ವಾರ ನಮ್ಮಿಬ್ಬರನ್ನೂ ಅಂಗಡಿಗೆ ಕರೆಸಿದರು.

"ನೋಡಿ, ಹೊಸದಾಗಿ ರಿದಮ್ ಪ್ಯಾಡ್ ಬಂತು. ಅದನ್ನ ನುಡಿಸೋನು ಬಂದ. ಗಾಡೀಲಿ ಜಾಗ ಇಲ್ಲ. ಊರೂರಲ್ಲೂ ಡ್ಯಾನ್ಸ್ ಕ್ಲಾಸ್ ಆಗಿದೆ, ಆ ಊರಿನ ಮಕ್ಕಳೇ ಬಂದು ಕುಣೀತಾರೆ, ತಂದೆ ತಾಯಿ ಚಪ್ಪಾಳೆ ಹೊಡೀತಾರೆ. ಇನ್ಮೇಲೆ ಡ್ಯಾನ್ಸರ್ಸ್ ಬೇಡ ಅಂತ ಮಾಡಿದ್ದೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಏಳು ವರ್ಷ ಆ ಮೆಟಾಡೋರಿನ ಹಿಂದೆ ಸ್ಪೀಕರ್ ಬಾಕ್ಸಿನ ಮೇಲೆ ಕೂತು ಸೊಂಟ ಮುರಿದುಕೊಂಡವರು ನಾವು. ಒಂದು ಪ್ಯಾಡಿಗೆ ಸೀಟಿದೆ, ನಮಗಿಲ್ಲ.

"ಮಕ್ಳು ಕುಣೀಲಿ ಬುಡಿ ಸಾ," ಅಂದೆ. "ನಾವು ಆಡ್ತೀವಿ." ಹಾಡು ಅನ್ನುವುದು ನಮ್ಮ ಬಾಯಲ್ಲಿ ಹೀಗೇ.

ಅವರು ಬೆಸುಗೆ ಕಡ್ಡಿ ಕೆಳಗಿಟ್ಟು ನಕ್ಕರು. ನಗಲಿ ಅಂತ ಬಿಟ್ಟೆ. ಆಮೇಲೆ ಮಾತಿನ ಹಾಡಿನ ವಿಚಾರ ಹೇಳಿದೆ. ಎರಡು ನಿಮಿಷ ಕೇಳಿದರು. ಬೇಡ ಅಂದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮೂರು ಟೇಪು ರಿಪೇರಿಯಾಗಿ ಗಿರಾಕಿಗಳ ಕೈ ಸೇರುವ ತನಕ ಏಳಲಿಲ್ಲ. ಕೊನೆಗೆ ಅವರಿಗೇ ಬೇಜಾರಾಯಿತು.

"ಸರಿ. ನರಸೀಪುರದಲ್ಲಿ ರಾಜ್ಯೋತ್ಸವದ ಪ್ರೋಗ್ರಾಂ ಇದೆ. ಸಾಯಂಕಾಲ ನಾಲ್ಕಕ್ಕೇ ಶುರು. ನಿಮಗೆ ನಾಲ್ಕು ನಿಮಿಷ. ಮೈಕ್ ಕೊಡ್ತೀನಿ. ಜನ ಒಪ್ಪಿದ್ರೆ ಗಾಡೀಲಿ ನಿಮ್ಮ ಸೀಟು ನಿಮಗೆ. ಹೂಟಿಂಗ್ ಆಯ್ತೋ, ಅಲ್ಲಿಂದಲೇ ಬಸ್ ಹತ್ತಿ. ಆಮೇಲೆ ನನ್ನ ಅಂಗಡೀಲಿ ಸತ್ಯಾಗ್ರಹ ಮಾಡ್ಬಾರ್ದು."

ಐದು ವಾರ ಟೈಮಿತ್ತು. ತಾಳ ಬೇಕಲ್ಲ, ಅವರ ಕೀಬೋರ್ಡಿನಲ್ಲಿ ರೆಡಿಮೇಡ್ ತಾಳಗಳಿದ್ದವು. ಅದರಲ್ಲೊಂದನ್ನು ನಿಧಾನ ಮಾಡಿ ಕ್ಯಾಸೆಟ್ಟಿಗೆ ತುಂಬಿಕೊಂಡೆವು. ಸಪ್ಪೆಯಾಗಿತ್ತು. ಜೊತೆಗಾರ ಒಂದು ಭಾನುವಾರ ಟೇಪ್‌ರೆಕಾರ್ಡರ್ ಹೊತ್ತು ಗಿರಣಿಗೆ ಬಂದು ಅವರಪ್ಪನಿಗೆ, "ಅಪ್ಪ, ಮೂಟೆ ಕೆಳಗಾಕು" ಅಂದ. ಅವರು ಹಾಕಿದರು. ಧಪ್. "ಇನ್ನೊಂದಪ." ಧಪ್. ಹಾಗೆ ಮೂವತ್ತು ನಲವತ್ತು ಸಲ ಆ ಮನುಷ್ಯ ಯಾಕೆ ಏನು ಅಂತ ಕೇಳದೆ ಒಂದೇ ಭತ್ತದ ಮೂಟೆಯನ್ನು ಎತ್ತಿ ಎತ್ತಿ ಹಾಕಿದರು. ಅದೇ ನಮ್ಮ ಡೋಲು, ಅದೇ ನಮ್ಮ ಡ್ರಮ್ಮು. ರಿಪೇರಿ ಅಂಗಡಿಯಲ್ಲಿ ಎರಡು ಟೇಪು ಜೋಡಿಸಿ ಒಂದರ ಮೇಲೊಂದು ಕೂರಿಸಿದೆವು. ಮಾಲೀಕರು ಕೇಳಿ ಹುಬ್ಬು ಹಾರಿಸಿದರು.

ಪದ ಬರೆದದ್ದು ಇಬ್ಬರೂ. ಮೊದಲ ಪದ್ಯ ನನ್ನದು, ಎರಡನೆಯದು ಅವನದು. ತಿದ್ದಿ ಮುಗಿದ ಮೇಲೆ ನನ್ನದು ಹೀಗೆ ಶುರುವಾಗುತ್ತಿತ್ತು:

ಕಪಿಲೆ ದಾಟಿ ಕಾವೇರಿ ತಂಕ ಬಸ್ಸಲ್ಲಿ ನಿಂತೇ ಬಂದೋಳು ನಾನು,
ಸೀಟು ಬುಡಣ್ಣ ಅಂದ್ರೂ ಕೇಳ್ದೆ ಕಿಟಕೀಲಿ ಊರು ಎಣಿಸ್ದೋನು ನೀನು.
ಕುಣಿಯೋಳ್ಗೆ ಬಾಯಿಲ್ಲ ಅಂದೋರು ಯಾರು,
ಬಾಯ್ಬಿಟ್ರೆ ಬೀಳ್ತದೆ ನಿಮ್ಮನೆ ಸೂರು.

ಅವನ ಪದ್ಯ ಅವನಪ್ಪನ ಬೆನ್ನಿನ ಬಗ್ಗೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವನ ಸೊತ್ತು.

ಬರೆಯುವುದು ಸುಲಭವಾಯಿತು, ಹೇಳುವುದೇ ಪ್ರಾಣಸಂಕಟ. ಡ್ಯಾನ್ಸರ್‌ಗೆ ಎಂಟರಲ್ಲಿ ಒಂದೂ ಖಾಲಿ ಬಿಟ್ಟು ಅಭ್ಯಾಸವಿಲ್ಲ. ಒಂದೊಂದು ಎಣಿಕೆಗೂ ಒಂದು ಸ್ಟೆಪ್ ಇರಲೇಬೇಕು, ಇಲ್ಲದಿದ್ದರೆ ಸೋಮಾರಿ ಅಂತ ಬೈಗುಳ. ಹಾಗೇ ನಾವು ಎಂಟಕ್ಕೂ ಮಾತು ತುಂಬಿಬಿಟ್ಟಿದ್ದೆವು. ಎರಡು ಸುತ್ತು ಹೇಳುವಷ್ಟರಲ್ಲಿ ನನಗೆ ಉಸಿರು ಕಟ್ಟಿ ಕಣ್ಣು ಕತ್ತಲೆ ಬರುತ್ತಿತ್ತು. ಅವನಿಗೆ ಕೆಮ್ಮು. ಅಂಗಳದ ಅಂಚಿನಲ್ಲಿ ಬೀಡಿ ಸೇದುತ್ತ ಕೂತಿದ್ದ ಅವನಪ್ಪ ಒಂದು ವಾರ ನೋಡಿದರು. ಆಮೇಲೆ ಎದ್ದು ಬಂದರು.

"ಇಂಗಲ್ಲ ಕಣವ್ವ. ಲಾಭ ಅಂದಾಗ ಗಿರಣೀಲಿ ಯಾರಾರ ಮಾತಾಡ್ತಾರಾ?"

"ಇಲ್ಲ ದೊಡ್ಡಪ್ಪ."

"ಯಾಕೆ ಯೋಳು."

ಮೊದಲ ಎಣಿಕೆ, ದೇವರದ್ದು, ಅದಕ್ಕೇ ಇರಬೇಕು ಅಂದೆ.

"ದೇವ್ರದ್ದೂ ಸೈ. ಆದ್ರೆ ಆಗ ನಾವು ಉಸ್ರು ತಕ್ಕತೀವಿ. ಉಸ್ರು ತಕ್ಕಳ್ದೆ ಮೂಟೆ ಎತ್ತಿದ್ರೆ ಸೊಂಟ ಉಳೀತದಾ? ಲಾಭಾನ ಖಾಲಿ ಬುಡು. ಎರಡಕ್ಕೆ ಬಾಯ್ ಬುಡು."

ಅಷ್ಟೇ ಹೇಳಿ ಹೋಗಿ ಮತ್ತೆ ಕೂತರು. ನಾವು ಪ್ರತಿ ಸುತ್ತಿನ ಮೊದಲ ಪದ ಕಿತ್ತು ಹಾಕಿದೆವು. ಮೊದಲ ಎಣಿಕೆಗೆ ಮೂಟೆ ಬೀಳುತ್ತದೆ, ನಾವು ಉಸಿರು ಎಳೆಯುತ್ತೇವೆ, ಎರಡಕ್ಕೆ ಮಾತು. ಆ ಸಂಜೆ ಮೊದಲ ಸಲ ಇಡೀ ಹಾಡು ಕೊನೆ ಮುಟ್ಟಿತು. ನಾನು ಸಂತೋಷಕ್ಕೆ ಅತ್ತುಬಿಟ್ಟೆ, ಅವನು "ಅಳ್ತಾ ಕುಂತ್ಕೋಬ್ಯಾಡ, ಇನ್ನೊಂದ್ಸಲ" ಅಂದ.

ಇನ್ನೊಂದು ಸಲ, ಇನ್ನೊಂದು ಸಲ. ದಿನಕ್ಕೆ ಮೂವತ್ತು ಸಲ. ಕುಣಿಯುತ್ತ ಹೇಳುತ್ತಿದ್ದೆವು, ಹೇಳುತ್ತ ಕುಣಿಯುತ್ತಿದ್ದೆವು. ಕಪಿಲೆ ಅಂದಾಗ ಬಲಗಾಲು ಮುಂದೆ, ಕಾವೇರಿ ಅಂದಾಗ ಸೊಂಟ ತಿರುಗಿ ಎಡಗಾಲು, ಬಸ್ಸಲ್ಲಿ ಅಂದಾಗ ಎರಡೂ ಕೈ ಮೇಲೆ. ಮೈಕಿನ ಬಗ್ಗೆ ನಾವು ಯೋಚನೆಯನ್ನೇ ಮಾಡಲಿಲ್ಲ. ಮೈಕ್ ಹಿಡಿದೇ ಗೊತ್ತಿಲ್ಲದವರಿಗೆ ಅದು ಹೊಳೆಯುವುದಾದರೂ ಹೇಗೆ?

ಪ್ರೋಗ್ರಾಂ ದಿನ ಹೈಸ್ಕೂಲು ಮೈದಾನದಲ್ಲಿ ಶಾಮಿಯಾನ. ಹಳದಿ ಕೆಂಪು ಬಾವುಟ. ಬಿಸಿಲು ಇನ್ನೂ ಇಳಿದಿರಲಿಲ್ಲ. ಜೊತೆಗಾರನ ಊರೇ ಅದು. ಅವನ ಟೈಲರ್ ಅಂಗಡಿಯವರು, ಗಿರಣಿಯವರು, ಓಣಿಯವರು ಎಲ್ಲರೂ ಬಂದಿದ್ದರು. ಅವನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಗ ಮಾತಾಡುವುದನ್ನು ಕೇಳಲು ಬಂದಿದ್ದರು. ನಮ್ಮವ್ವ ನಂಜನಗೂಡಿನಿಂದ ಬಸ್ಸಿನಲ್ಲಿ ಬಂದು ಹೆಂಗಸರ ಸಾಲಿನಲ್ಲಿ ಸೆರಗು ಬಿಗಿಹಿಡಿದು ಕೂತಿದ್ದಳು. ನಾನು ಕುಣಿಯುವುದನ್ನು ನೋಡಲು ಅವ್ವ ಒಂದು ದಿನವೂ ಬಂದವಳಲ್ಲ. ಹಾಡುತ್ತೇನೆ ಅಂದದ್ದಕ್ಕೆ ಬಂದಳು.

ನಮ್ಮ ಸರದಿ ಬಂತು. ಮೆಟ್ಟಿಲು ಹತ್ತುವಾಗ ಮಾಲೀಕರು ಕಿವಿಯ ಹತ್ತಿರ ಬಂದು, "ಸ್ಟ್ಯಾಂಡಿನ ಮೈಕು ಒಂದೇ ಇರೋದು. ಕೈಗೆ ತಗೋಬೇಡ, ಹೋದ ವಾರ ವೈರು ಕಾಲಿಗೆ ಸಿಕ್ಕಿ ಗಾಯಕ ಬಿದ್ದಿದ್ದಾನೆ. ಅಲ್ಲಾಡದೆ ನಿಂತ್ಕೊಂಡು ಹೇಳು. ನಿನ್ನದು ಮುಗಿದ ಮೇಲೆ ಅವನು ಬಂದು ನಿಲ್ಲಲಿ" ಅಂದರು. ಆಗಲಿ ಅಂದೆ. ಅದೇನು ದೊಡ್ಡ ವಿಷಯ ಅನ್ನಿಸಲೇ ಇಲ್ಲ.

ಕ್ಯಾಸೆಟ್ ಶುರುವಾಯಿತು. ಧಪ್. ಉಸಿರು ಎಳೆದುಕೊಂಡೆ. ಎರಡಕ್ಕೆ ಬಾಯಿ ತೆರೆದೆ.

ಏನೂ ಬರಲಿಲ್ಲ.

ಹೆದರಿಕೆಗೆ ಮರೆತದ್ದಲ್ಲ. ಏಳು ವರ್ಷ ಸ್ಟೇಜಿನ ಮೇಲಿದ್ದವಳಿಗೆ ಎಂಥ ಹೆದರಿಕೆ? ಪದವೇ ಇರಲಿಲ್ಲ. ತಲೆಯೊಳಗೆ ಹುಡುಕಿದರೆ ಖಾಲಿ ಡಬ್ಬ. ಐದು ವಾರ ನಾನು ಕಲಿತದ್ದೆಲ್ಲ ಕಾಲಲ್ಲಿ ಕೂತಿತ್ತು, ಸೊಂಟದಲ್ಲಿ ಕೂತಿತ್ತು. ಕಾಲು ಕಟ್ಟಿಹಾಕಿ ಬಾಯಿ ಬಿಡು ಅಂದರೆ ಬಾಯಿಗೆ ಏನು ಗೊತ್ತು? ಧಪ್. ಎರಡನೇ ಸುತ್ತೂ ಹೋಯಿತು. ಹಿಂದಿನಿಂದ ಒಂದು ಶಿಳ್ಳೆ. ಯಾರೋ ಕೂಗಿದ: "ಏನಕ್ಕೋ, ಮಾತು ಮನೇಲಿ ಮಡಗಿ ಬಂದ್ಯಾ?" ನಗು ಹರಡಿತು. ಕೀಬೋರ್ಡಿನ ಹಿಂದೆ ಮಾಲೀಕರು ಟೇಪಿನ ಗುಂಡಿಯ ಕಡೆ ಕೈ ಚಾಚಿದ್ದು ಕಣ್ಣಂಚಿನಲ್ಲಿ ಕಂಡಿತು.

ಅವತ್ತಿನ ಮಟ್ಟಿಗೆ ನನ್ನ ಬದುಕು ಮುಗಿಯಿತು ಅಂದುಕೊಂಡೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನಮ್ಮ ಬೀದಿಯಲ್ಲಿ, ಎಲ್ಲಿ ಹೋದರೂ ಮೈಕ್ ಮುಂದೆ ಮೂಕಿಯಾಗಿ ನಿಂತವಳು ಅಂತ ಹೇಳಿಸಿಕೊಂಡು ಬಾಳಬೇಕು.

ಆಗ ಜೊತೆಗಾರ ನನ್ನ ಮುಂದೆ ಬಂದ. ನನ್ನ ಪಕ್ಕದಲ್ಲಿ ಜನರಿಗೆ ಮುಖ ಮಾಡಿ ಕುಣಿಯುತ್ತಿದ್ದವನು ಸುತ್ತಿ ಬಂದು, ಮೈಕಿನ ಆಚೆ, ನನ್ನೆದುರು ನಿಂತ. ಇಡೀ ಊರಿಗೆ ಬೆನ್ನು ಹಾಕಿ ನಿಂತ. ನನ್ನ ಕಣ್ಣು ನೋಡಿ ತನ್ನ ಕಾಲು ತೋರಿಸಿದ. ಧಪ್. ಎಡಗಾಲು ಮುಂದಿಟ್ಟ.

ಎಡಗಾಲು. ನಮ್ಮ ಸ್ಟೆಪ್ಪು ಬಲಗಾಲಿಂದ ಶುರು. ಎದುರು ನಿಂತವಳಿಗೆ ಸರಿಯಾಗಿ ಕಾಣಲಿ ಅಂತ ಕನ್ನಡಿಯ ಹಾಗೆ ಎಲ್ಲವನ್ನೂ ತಿರುಗಿಸಿ ಹಾಕುತ್ತಿದ್ದ, ನಿಂತ ನಿಲುವಿನಲ್ಲಿ. ಆ ಕಾಲು ನೋಡಿದ ಕೂಡಲೇ ನನ್ನ ಬಾಯಿಗೆ "ಕಪಿಲೆ" ಬಂತು. ಅವನ ಸೊಂಟ ತಿರುಗಿತು, ಕಾವೇರಿ ಬಂತು. ಕೈ ಮೇಲೆ ಹೋಯಿತು, ಬಸ್ಸು ಬಂತು. ಜನರ ಮುಖ ನೋಡಲಿಲ್ಲ. ಅವನ ಕಾಲನ್ನು ಪುಸ್ತಕದ ಹಾಗೆ ಓದುತ್ತ ಓದುತ್ತ ಹೇಳಿದೆ. ಸೂರು ಬೀಳುವ ಸಾಲು ಹೇಳಿದಾಗ ಹೆಂಗಸರ ಕಡೆಯಿಂದ ಹೋ ಅಂತ ಸದ್ದೆದ್ದಿತು. ಮಾಲೀಕರ ಕೈ ಗುಂಡಿಯಿಂದ ಹಿಂದೆ ಸರಿದಿತ್ತು.

ನನ್ನ ಪದ್ಯ ಮುಗಿಯಿತು. ಈಗ ಅವನ ಸರದಿ, ಅವನ ಊರು, ಅವನಪ್ಪ ಮುಂದಿನ ಸಾಲಿನಲ್ಲಿ. ನಾನು ಮೈಕ್ ಬಿಟ್ಟು ಒಂದು ಹೆಜ್ಜೆ ಸರಿದೆ. ಅವನು ತಲೆಯಾಡಿಸಿದ. ಬೇಡ. ನಿಂತರೆ ಅವನಿಗೂ ಮಾತು ಬರುವುದಿಲ್ಲ ಅಂತ ಅವನಿಗೆ ತಿಳಿದುಹೋಗಿತ್ತು. ನನ್ನನ್ನು ನೋಡಿಯೇ ತಿಳಿದಿತ್ತು. ಮತ್ತೆ ಕಾಲು ತೋರಿಸಿದ. ತನ್ನ ಪದ್ಯದ ಸ್ಟೆಪ್ಪು ಹಾಕತೊಡಗಿದ, ಹಾಗೇ ಬೆನ್ನು ಹಾಕಿಕೊಂಡು. ಅವನು ಬರೆದ, ಅವನೇ ಹೇಳಬೇಕಾಗಿದ್ದ, ಅವನಪ್ಪನ ಬೆನ್ನಿನ ಪದ್ಯವನ್ನು ನಾನು ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವನಪ್ಪ ಮಗನ ಬಾಯಿಂದ ಒಂದು ಪದ ಕೇಳಲಿಲ್ಲ, ಮಗನ ಮುಖವನ್ನೂ ನೋಡಲಿಲ್ಲ.

ಚಪ್ಪಾಳೆ ಜೋರಾಗಿಯೇ ಬಿತ್ತು. ಒನ್ಸ್ ಮೋರ್ ಅಂತ ಕೂಗಿದರು. ಶಿಳ್ಳೆ ಹಾಕಿದ್ದವನೇ ಕೂಗಿದ ಅಂತ ಅವ್ವ ಆಮೇಲೆ ಹೇಳಿದಳು. ಅವ್ವನಿಗೆ ಎಲ್ಲ ಅರ್ಥವಾಗಿತ್ತು. "ನಮ್ ಅಂಗನವಾಡಿ ಮಕ್ಳೂ ಅಂಗೇ ಕಣೆ. ಕೈ ಕಟ್ಕೊಂಡು ನಿಂತ್ಕೊ ಅಂದ್ರೆ ಒಂದು ಪದ್ಯನೂ ಬರಾಕಿಲ್ಲ. ಮುಂಚೇನೇ ನನ್ನ ಕೇಳಿದ್ರೆ ಯೋಳ್ತಿದ್ದೆ" ಅಂದಳು. ಕೇಳಬೇಕಾಗಿತ್ತು, ನಿಜ. ಏಳು ವರ್ಷ ನನ್ನ ಕುಣಿತದ ಬಗ್ಗೆ ಅವಳೂ ಮಾತಾಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಪ್ರೋಗ್ರಾಂ ಇನ್ನೂ ನಡೆಯುತ್ತಿರುವಾಗಲೇ ಮಾಲೀಕರು ನನ್ನನ್ನು ಮೈದಾನದ ಪಕ್ಕ ನಿಲ್ಲಿಸಿದ್ದ ಗಾಡಿಯ ಹತ್ತಿರ ಕರೆದರು. ಪ್ಯಾಡ್ ನುಡಿಸುವವನಿಗೆ ಸ್ಟೇಜು ಬಿಟ್ಟು ಬಂದಿದ್ದರು. ಡ್ರೈವರ್ ಪಕ್ಕದ ಮುಂದಿನ ಬಾಗಿಲು ತೆಗೆದು, "ಕೂತ್ಕೊಮ್ಮ" ಅಂದರು. ಅದು ಗಾಯಕಿಯರ ಸೀಟು. ಕೂತೆ. ಮೆತ್ತಗಿತ್ತು.

"ಹಾಡು ಗಟ್ಟಿಯಾಗಿದೆ. ನಾನು ಇಷ್ಟು ಅಂದ್ಕೊಂಡಿರ್ಲಿಲ್ಲ. ಇನ್ಮೇಲೆ ಪ್ರತಿ ಪ್ರೋಗ್ರಾಂನಲ್ಲೂ ನಿನ್ನದು ಒಂದು ಇರುತ್ತೆ. ಹೆಸರು ಅನೌನ್ಸ್ ಮಾಡಿಸ್ತೀನಿ. ಈ ಸೀಟು ನಿಂದೇ."

"ಅವಂದು ಸಾ?"

"ಗಾಡೀಲಿ ಇರೋದು ಒಂದೇ ಸೀಟು. ಅವನ ಪದ್ಯನೂ ನೀನೇ ಹೇಳಿದ್ಯಲ್ಲ, ಚೆನ್ನಾಗೇ ಬಂತು. ಅಲ್ದೆ ಅವನು ಜನಕ್ಕೆ ಬೆನ್ನು ತೋರಿಸ್ದ. ನಾಲ್ಕೂ ನಿಮಿಷ. ನಾನು ಏನು ಹೇಳಿದ್ದೆ ನಿಮಗೆ?"

"ನಿಮ್ಮ ಸೀಟು ನಿಮಗೆ ಅಂದಿದ್ರಿ. ಇಬ್ರಿಗೂ ಯೋಳಿದ್ರಿ."

"ಇಬ್ಬರೂ ಹಾಡ್ತೀರ ಅಂದ್ಕೊಂಡಿದ್ದೆ. ಹಾಡಿದ್ದು ಒಬ್ಬಳು."

"ಅವ್ನ ಕಾಲು ಇಲ್ದೆ ನಂಗೆ ಒಂದು ಅಕ್ಷರ ಬರಾಕಿಲ್ಲ ಸಾ. ನೀವೇ ನೋಡಿದ್ರಲ್ಲ."

"ಒಂದು ತಿಂಗಳು ಟೈಮ್ ತಗೋ. ಅಲ್ಲಾಡದೆ ನಿಂತ್ಕೊಂಡು ಹೇಳೋದನ್ನ ಕಲಿ. ಎಲ್ಲಾ ಗಾಯಕರೂ ಹಾಗೇ ಕಲಿತಿದ್ದು."

ಇಲ್ಲಿ ನಾನು ದೊಡ್ಡವಳಾಗಲು ಹೋಗುವುದಿಲ್ಲ. ಆಸೆಯಾಯಿತು. ತುಂಬ ಆಸೆಯಾಯಿತು. ಆ ಸೀಟಿನ ರೆಕ್ಸಿನ್ನಿನ ಮೇಲೆ ಅಂಗೈಯಾಡಿಸಿದೆ. ನನ್ನ ಹೆಸರು ಮೈಕಿನಲ್ಲಿ ಹೇಗೆ ಕೇಳಬಹುದು ಅಂತ ಮನಸ್ಸಿನಲ್ಲೇ ಕೇಳಿಸಿಕೊಂಡೆ. ಇನ್ನೆರಡು ವರ್ಷದಲ್ಲಿ ಮೊಣಕಾಲು ಕೈಕೊಡಬಹುದು ಅಂತಲೂ ಗೊತ್ತಿತ್ತು, ಆಗಲೇ ಎಡಗಾಲು ಮೆಟ್ಟಿಲಿಳಿಯುವಾಗ ಹಿಡಿದುಕೊಳ್ಳುತ್ತಿತ್ತು. ಕುಣಿಯುವವಳಿಗೆ ಇಪ್ಪತ್ತೈದಾದರೆ ವಯಸ್ಸಾಯಿತು ಅನ್ನುತ್ತಾರೆ. ಹಾಡುವವಳಿಗೆ ಆ ಭಯವಿಲ್ಲ.

"ತಿಂಗ್ಳು ಬ್ಯಾಡ ಸಾ," ಅಂದೆ. "ಒಂದು ವಾರ ಸಾಕು ನಂಗೆ ಕಲಿಯಕ್ಕೆ."

ಅವರ ಮುಖ ಅರಳಿತು. "ಅದು ಮಾತು ಅಂದ್ರೆ."

"ಆದ್ರೆ ಕಲಿಯಕಿಲ್ಲ."

ನಾನು ಗಾಡಿಯಿಂದ ಇಳಿದೆ. ಕೈ ಚಾಚಿ, "ನಮ್ ಕ್ಯಾಸೆಟ್ ಕೊಡಿ ಸಾ" ಅಂದೆ. ಅದರಲ್ಲಿರುವ ತಾಳ ತಮ್ಮ ಕೀಬೋರ್ಡಿನದು ಅಂದರು. ಮೂಟೆ ನಮ್ಮದು ಅಂದೆ. ಜೇಬಿನಿಂದ ತೆಗೆದು ಕೊಟ್ಟರು. "ತಲೆ ಕೆಟ್ಟಿದೆ ನಿಂಗೆ" ಅಂದರು. ಬೈದ ಹಾಗಿರಲಿಲ್ಲ, ನಿಜವಾಗಿ ಬೇಸರವಾಗಿತ್ತು ಅವರಿಗೆ.

ಅವನು ಮೈದಾನದ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಏನಂದ್ರು?"

"ಸೀಟಿಲ್ವಂತೆ ಕಣ್ಲಾ. ಇಬ್ರಿಗೂ."

ಅವನ ಮುಖ ಇಳಿದುಹೋಯಿತು. "ನಾನು ಬೆನ್ನು ತೋರಿಸಿದ್ದಕ್ಕಾ?"

"ಅಲ್ಲ. ಗಾಡಿ ತುಂಬ ಪ್ಯಾಡ್ ಅದೆ ಅಂತ." ಕ್ಯಾಸೆಟ್ಟನ್ನು ಅವನ ಕೈಗೆ ಹಾಕಿದೆ. "ನಾಳೆ ಬೆಳಿಗ್ಗೆ ಅಂಗಳದಲ್ಲಿ ಭತ್ತ ಹರವ್ತಾರಾ?"

"ಇಲ್ಲ."

"ಅಂಗಾರೆ ಎಂಟಕ್ಕೆ ಬತ್ತೀನಿ. ನಿನ್ ಪದ್ಯ ನೀನೇ ಯೋಳೋದು ಎಂಗೆ ಅಂತ ನೋಡನ."

ನೋಡಿದೆವು. ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು, ಒಬ್ಬರು ಹೇಳಿ ಕುಣಿಯುವಾಗ ಇನ್ನೊಬ್ಬರು ಮೈಕ್ ಹಿಡಿದು, ವೈರು ಸುತ್ತಿಕೊಂಡು, ಅವರ ಬಾಯಿಯ ಜೊತೆಗೇ ಓಡುವುದು ಅಂತ ಕಂಡುಕೊಂಡೆವು. ನೋಡಲು ತಮಾಷೆಯಾಗಿತ್ತು. ಜನಕ್ಕೆ ಇಷ್ಟವಾಯಿತು. ಶಾಲೆಯ ವಾರ್ಷಿಕೋತ್ಸವ, ಯುವಕ ಸಂಘ, ಕಾಲೇಜು ಡೇ, ನಮ್ಮಿಬ್ಬರದೇ ಪ್ರೋಗ್ರಾಂ, ಬಸ್ಸಿನಲ್ಲೇ ಪ್ರಯಾಣ. ನನ್ನ ಮೊಣಕಾಲು ಒಪ್ಪಿದಷ್ಟು ದಿನ, ಐದು ವರ್ಷಕ್ಕಿಂತ ಹೆಚ್ಚೇ ನಡೆಯಿತು. ಅವನು ಅವನಪ್ಪನ ಪದ್ಯ ಅವನಪ್ಪನ ಮುಂದೆಯೇ ಹೇಳಿದ. ಅಷ್ಟು ದಿನದಲ್ಲಿ ಎಷ್ಟೋ ಸಲ ಅವನು, "ಛೆ, ಅವತ್ತು ನಿನ್ನೊಬ್ಬಳ್ನಾರ ತಕ್ಕಂಡಿದ್ರೆ ಚೆನ್ನಾಗಿತ್ತು ಕಣೆ, ನೀನಾದ್ರೂ ಸುಖವಾಗಿರ್ತಿದ್ದೆ" ಅಂದಿದ್ದಾನೆ. ನಾನು ಹೂಂ ಅಂದು ಸುಮ್ಮನಾಗಿದ್ದೇನೆ.

ಒಂದು ಸೀಟಿತ್ತು ಅನ್ನುವುದನ್ನು ನಾನು ಅವನಿಗೆ ಇವತ್ತಿಗೂ ಹೇಳಿಲ್ಲ. ಅವತ್ತು ಗೇಟಿನ ಹತ್ತಿರ ಹೇಳಿದ್ದರೆ, ಲೇಸು ಬಿಚ್ಚಿದ ಬೂಟಿನಲ್ಲೇ ನನ್ನನ್ನು ದರದರ ಎಳೆದುಕೊಂಡು ಹೋಗಿ, ಆ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಗಾಡಿ ಹೊರಡುವವರೆಗೂ ಅಲ್ಲೇ ನಿಂತಿರುತ್ತಿದ್ದ.